ಸಹಿ ಹಾಕುವ ಮುಂಚೆ ಒಂದು ಮಾತು, ತಂಗೀ



ಈ ಹದಿನೈದು ದಿನದಲ್ಲಿ ಬಂದ ಕಾಗದಗಳಲ್ಲಿ ಹೆಚ್ಚಿನವು ಎಂದಿನಂತೆ ತವರಿನ ಆಸ್ತಿಯ ಪಾಲು, ಜೀವನಾಂಶ, ರೇಷನ್ ಕಾರ್ಡಿನಲ್ಲಿ ತಪ್ಪಾದ ಹೆಸರು ಇವುಗಳದ್ದೇ. ಅವಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುವೆ. ಇವತ್ತು ಈ ಪುಟವನ್ನೆಲ್ಲ ಒಂದೇ ಕಾಗದಕ್ಕೆ ಮೀಸಲಿಡುತ್ತಿದ್ದೇನೆ. ಬೀದರದ ಮೈಲೂರಿನಿಂದ ಬಂದದ್ದು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ಎರಡೂ ಬದಿ ಒತ್ತೊತ್ತಾಗಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಾತಿನಲ್ಲೇ ಕೇಳಿ:

"ಅಕ್ಕಾ, ನನ್ನ ಹಿರೀ ಮಗಳಿಗಿ ಈಗ ಒಂದು ವರ್ಷ ಹತ್ತು ತಿಂಗಳು. ನಾಕು ತಿಂಗಳ ಹಿಂದ ಒಂದು ಖಾಸಗಿ ದವಾಖಾನಿಯಾಗ ಬೂಸ್ಟರ್ ಇಂಜೆಕ್ಷನ್ ಮಾಡ್ಸಿದ್ವಿ. ಡಾಕ್ಟರು ಒಳಗಿದ್ರು, ಕಂಪೌಂಡರ ಮಾಡಿದ. ಕುಂಡಿಗಿ ಚುಚ್ಚಿದ. ಕೂಸು ಚೀರಿದ್ದು ಚೀರಿದ್ದೇ. ಮನಿಗಿ ಬಂದ ಮ್ಯಾಲ ಎಡಗಾಲು ಊರಲಿಲ್ಲ. ಜ್ವರಕ್ಕ ಹಂಗ ಆಗ್ಯಾದ ಅಂತ ಸುಮ್ಮನಿದ್ವಿ. ಈಗೂ ಪಾದ ಕೆಳಗ ಜೋತು ಬೀಳ್ತದ, ಎಳಕೊಂಡು ನಡೀತಾಳ. ನಮ್ಮ ಭಾವ ಹೋಗಿ ಡಾಕ್ಟರ ಕೂಡ ಮಾತಾಡಿ ಬಂದಾರ. ಅರವತ್ತು ಸಾವಿರ ಕೊಡ್ತಾರಂತ. ಇಪ್ಪತ್ತು ಈಗ, ಉಳಿದದ್ದು ಎರಡು ಕಂತಿನಾಗ. ಬಾಂಡ್ ಪೇಪರ್ ಬರಸ್ಯಾರ. ಅದರಾಗ 'ಇದು ಲಸಿಕೆಯಿಂದ ಆದ ತೊಂದರಿ, ದವಾಖಾನಿಯವರ ತಪ್ಪು ಏನೂ ಇಲ್ಲ, ಮುಂದ ಯಾವ ಕೋರ್ಟಿಗೂ ಪೊಲೀಸರಿಗೂ ಹೋಗಂಗಿಲ್ಲ' ಅಂತ ಅದ. ನಮ್ಮ ಯಜಮಾನರು ಹೈದರಾಬಾದಿನಾಗ ಕೆಲಸಕ್ಕ ಅದಾರ. ಭಾವ ಹೇಳಿದಂಗ ಮಾಡು ಅಂತಾರ. ಐತವಾರ ಸಹಿ ಮಾಡಬೇಕಂತ. ಅತ್ತಿ ಅಂತೂ ಲಸಿಕಿನೇ ಕಾಲು ತಿಂದದ, ಸಣ್ಣ ಕೂಸಿಗಿ ಇನ್ನ ಯಾವ ಸೂಜಿನೂ ಬ್ಯಾಡ ಅಂತ ಕುಂತಾರ. ಸಣ್ಣದಕ್ಕ ಎರಡು ತಿಂಗಳು. ನಾ ಏನ್ ಮಾಡ್ಲಿ ಅಕ್ಕಾ? ಸಹಿ ಮಾಡ್ಲ್ಯಾ?"

ತಂಗೀ, ಈ ಐತವಾರ ಸಹಿ ಮಾಡಬೇಡಿ.

ಹಾಗೆಂದರೆ ರಾಜಿ ಮಾಡಿಕೊಳ್ಳಲೇಬೇಡಿ ಎಂದಲ್ಲ. ನಮ್ಮಲ್ಲಿ ಕೆಲವರು "ರಾಜಿ" ಅಂದ ಕೂಡಲೆ ಮಾನ ಮಾರಿಕೊಂಡ ಹಾಗೆ ಮಾತಾಡುತ್ತಾರೆ. ಕೋರ್ಟು ಮೆಟ್ಟಿಲು ಹತ್ತಿ ಹತ್ತಿ ಚಪ್ಪಲಿ ಸವೆಸಿದವರನ್ನು ಕೇಳಿದರೆ ಒಳ್ಳೆಯ ರಾಜಿಯ ಬೆಲೆ ತಿಳಿಯುತ್ತದೆ. ನನ್ನ ತಕರಾರು ರಾಜಿಯ ಮೇಲೆ ಅಲ್ಲ, ಆ ಕಾಗದದ ಮೇಲೆ. ಅದರ ಒಂದೊಂದು ಸಾಲೂ ಬೇರೆಯವರ ಅನುಕೂಲಕ್ಕೆ ಬರೆದದ್ದು. ಮಗುವಿಗಾಗಿ ಬರೆದದ್ದು ಒಂದು ಸಾಲೂ ಇಲ್ಲ.

ಮೊದಲನೆಯ ಸಾಲನ್ನೇ ನೋಡಿ. "ಇದು ಲಸಿಕೆಯಿಂದ ಆದ ತೊಂದರೆ, ದವಾಖಾನೆಯವರ ತಪ್ಪಲ್ಲ." ನೀವು ಇದನ್ನು ಓದಿ, ಹೌದಲ್ಲ, ಸೂಜಿ ಹಾಕಿದ ಮೇಲೇ ಆಯಿತಲ್ಲ ಎಂದುಕೊಂಡಿರಬಹುದು. ಆದರೆ ಲಸಿಕೆ ಎಂಬ ಔಷಧ ಬೇರೆ, ಅದನ್ನು ಚುಚ್ಚಿದ ಕೈ ಬೇರೆ. ಔಷಧದಿಂದಲೇ ಆದದ್ದಾದರೆ ಕೇಳಬೇಕಾದವರು ಒಬ್ಬರು, ಚುಚ್ಚಿದ ರೀತಿಯಿಂದ ಆದದ್ದಾದರೆ ಕೇಳಬೇಕಾದವರು ಇನ್ನೊಬ್ಬರು. ಈ ಕಾಗದಕ್ಕೆ ಸಹಿ ಬಿದ್ದರೆ ಎರಡನೆಯ ಬಾಗಿಲನ್ನು ನಿಮ್ಮ ಕೈಯಿಂದಲೇ ಹಾಕಿಸಿದಂತಾಯಿತು. ಆ ಬಾಗಿಲ ಹಿಂದೆ ಏನಿತ್ತೆಂದು ಇನ್ನೂ ಯಾರೂ ನೋಡಿಲ್ಲ.

ಒಂದೂವರೆ ವರ್ಷದ ಹೊತ್ತಿಗೆ ಕೊಡುವ ಡಿಪಿಟಿ ಬೂಸ್ಟರ್ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳಿಗೆ. ಸರ್ಕಾರದ ಲಸಿಕಾ ಪಟ್ಟಿಯ ಪ್ರಕಾರ ಇದನ್ನು ಕೊಡಬೇಕಾದ ಜಾಗ ತೊಡೆಯ ಮುಂಭಾಗದ ಹೊರಬದಿ. ಚಿಕ್ಕ ಮಕ್ಕಳಿಗೆ ಪೃಷ್ಠಕ್ಕೆ ಲಸಿಕೆ ಚುಚ್ಚಬಾರದೆಂದು ದಾದಿಯರಿಗೆ ತರಬೇತಿಯಲ್ಲೇ ಹೇಳಿಕೊಡುತ್ತಾರೆ. ಕಾರಣ, ಅಲ್ಲಿ ಸೊಂಟದಿಂದ ಪಾದಕ್ಕೆ ಇಳಿಯುವ ದೊಡ್ಡ ನರವೊಂದಿದೆ, ಸಯಾಟಿಕ್ ನರ ಎನ್ನುತ್ತಾರೆ. ಮಗುವಿನ ಮೈಯಲ್ಲಿ ಮಾಂಸ ಕಡಿಮೆ, ನರ ಹತ್ತಿರ. ಸೂಜಿಯೋ ಔಷಧವೋ ಅದಕ್ಕೆ ತಾಗಿದರೆ ಪಾದ ಎತ್ತುವ ಶಕ್ತಿ ಹೋಗಿ ನೀವು ಬರೆದ ಹಾಗೆಯೇ ಪಾದ ಜೋತು ಬೀಳಬಹುದು. ಇದು ಯಾವ ಇಂಜೆಕ್ಷನ್ನಿನಿಂದಲೂ ಆಗಬಹುದಾದ ಪೆಟ್ಟು, ಜ್ವರದ ಇಂಜೆಕ್ಷನ್ನಿನಿಂದಲೂ ಸಹ. ನಿಮ್ಮ ಮಗಳಿಗೆ ಆದದ್ದು ಇದೇ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಹೇಳುವ ಅಧಿಕಾರ ನಿಮ್ಮ ಭಾವನವರಿಗೂ ಇಲ್ಲ, ಬಾಂಡ್ ಪೇಪರ್ ಬರೆದವರಿಗೂ ಇಲ್ಲ.

ಔಷಧಕ್ಕೂ ಕೈಗೂ ಇರುವ ಈ ಭೇದ ಇವತ್ತಿನದಲ್ಲ. ಪ್ಲೇಗಿನ ಕಾಲದ ಕಥೆ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದು, ಪ್ಲೇಗಮ್ಮನಿಗೆ ಗುಡಿ ಕಟ್ಟಿದ್ದು. ಆ ದಿನಗಳಲ್ಲಿ ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿಗೆ ಲಸಿಕೆ ಮಾಡಿದ್ದ. 1902ರ ಅಕ್ಟೋಬರ್ ಕೊನೆಯಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಉಳಿದ ಬಾಟಲಿಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ. ಬೈಗುಳವೆಲ್ಲ ಹಾಫ್‌ಕಿನ್ ತಲೆಗೆ ಬಂತು, ಕೆಲಸವೂ ಹೋಯಿತು. ಆಮೇಲೆ ತಿಳಿದುಬಂದದ್ದು, ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದರು. ಆತನನ್ನು ನಿರ್ದೋಷಿ ಎನ್ನಲು 1907 ಬರಬೇಕಾಯಿತು.

ಅಷ್ಟು ದೂರ ಯಾಕೆ, ನಮ್ಮ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕನ್ನು ನೆನೆಯಿರಿ. 2022ರ ಜನವರಿಯಲ್ಲಿ ಅಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಹಸುಗೂಸುಗಳು ತೀರಿಕೊಂಡವು. ಪೇಪರಿನಲ್ಲಿ ಓದಿ ಎಷ್ಟೋ ತಾಯಂದಿರು ಅಂಗನವಾಡಿಯ ಕಡೆ ಹೋಗಲು ಹೆದರಿದರು. ಪ್ರಾಥಮಿಕ ವಿಚಾರಣೆ ಬೊಟ್ಟು ಮಾಡಿದ್ದು ಲಸಿಕೆಯ ಕಂಪನಿಯ ಕಡೆಗಲ್ಲ, ಅದನ್ನು ಇಟ್ಟ ಬಗೆಯ ಕಡೆಗೆ. ಲಸಿಕೆಯನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇಟ್ಟಿದ್ದರೆಂದು ಆರೋಗ್ಯ ಇಲಾಖೆಯವರು ಹೇಳಿದರು, ಸಿಬ್ಬಂದಿಯನ್ನು ಅಮಾನತು ಮಾಡಿದರು. ದಡಾರದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ರುಬ್ಬಿಟ್ಟ ಹಿಟ್ಟು ಹುಳಿ ಬಂದರೆ ನಮಗೆ ಮೂಗಿಗೆ ಗೊತ್ತಾಗುತ್ತದೆ, ಲಸಿಕೆ ಕೆಟ್ಟರೆ ಯಾರ ಮೂಗಿಗೂ ಗೊತ್ತಾಗದು. ಅದಕ್ಕೇ ಅಷ್ಟು ಕಟ್ಟುನಿಟ್ಟು.

ಈಗ ನಿಮ್ಮ ಮಗಳ ಕಾಲಿನ ವಿಷಯ. ದುಡ್ಡಿನ ಮಾತಿಗಿಂತ ಮೊದಲು ಆಗಬೇಕಾದ್ದು ಇದು. ನಾಲ್ಕು ತಿಂಗಳಾಯಿತು, ನರದ ಡಾಕ್ಟರಿಗೆ ತೋರಿಸಿದ ಮಾತು ನಿಮ್ಮ ಕಾಗದದಲ್ಲಿ ಎಲ್ಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲೇ, ನಿಮ್ಮ ಮೇಲಲ್ಲ, ರಾಜಿ ಮಾತಾಡಲು ಪುರುಸೊತ್ತಿದ್ದ ಹಿರಿಯರ ಮೇಲೆ. ನಾಳೆಯೇ ಸರ್ಕಾರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿ. ನರದ ಪರೀಕ್ಷೆ ಎಂಬುದಿದೆ, ಯಾವ ನರಕ್ಕೆ ಎಲ್ಲಿ ಎಷ್ಟು ಪೆಟ್ಟಾಗಿದೆ ಎಂದು ಅದರಲ್ಲಿ ತಿಳಿಯುತ್ತದೆ. ಬೀದರದಲ್ಲಿ ಆಗದಿದ್ದರೆ ಎಲ್ಲಿಗೆ ಹೋಗಬೇಕೆಂದು ಅವರೇ ಬರೆದು ಕೊಡುತ್ತಾರೆ. ಹೀಗೆ ಪೆಟ್ಟಾದ ನರ ಎಷ್ಟೋ ಮಕ್ಕಳಲ್ಲಿ ತಿಂಗಳುಗಳ ಮೇಲೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಅಲ್ಲಿಯವರೆಗೆ ದಿನವೂ ಪಾದಕ್ಕೆ ವ್ಯಾಯಾಮ ಬೇಕು, ಪಾದ ಜೋತು ಬೀಳದಂತೆ ಹಿಡಿದಿಡುವ ಪಟ್ಟಿ ಬೇಕು. ಇಲ್ಲದಿದ್ದರೆ ಹಿಮ್ಮಡಿಯ ಹಿಂದಿನ ಸ್ನಾಯು ಕುಗ್ಗಿ ಗಟ್ಟಿಯಾಗುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಹದಿನೈದು ವರ್ಷದೊಳಗಿನ ಮಗುವಿನ ಕಾಲೋ ಕೈಯೋ ಇದ್ದಕ್ಕಿದ್ದಂತೆ ಸೋತು ಬಿದ್ದರೆ ಅದನ್ನು ಕಂಡ ಡಾಕ್ಟರು ಸರ್ಕಾರಕ್ಕೆ ತಿಳಿಸಬೇಕು. ಪೋಲಿಯೋ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಇರುವ ವ್ಯವಸ್ಥೆ ಇದು. ಸೋತ ಹದಿನಾಲ್ಕು ದಿನದೊಳಗೆ ಮಗುವಿನ ಮಲದ ಎರಡು ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನಿಮ್ಮಲ್ಲಿ ಆ ಹೊತ್ತು ಮೀರಿತು. ಆದರೂ ತಿಳಿಸಿ. ಹಾಗೆಯೇ ಲಸಿಕೆಯ ನಂತರ ಯಾವುದೇ ಗಂಭೀರ ತೊಂದರೆ ಕಂಡರೂ ಅದನ್ನು ಎ.ಇ.ಎಫ್.ಐ. ಎಂದು ದಾಖಲು ಮಾಡಿ ಜಿಲ್ಲಾ ಲಸಿಕಾ ಅಧಿಕಾರಿಗೆ ಕಳಿಸಬೇಕು, ಖಾಸಗಿ ದವಾಖಾನೆಯಲ್ಲಿ ಹಾಕಿಸಿದ್ದಾದರೂ ಸರಿ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆದರೆ ಇನ್ನೂ ಒಳ್ಳೆಯದು. ಅಲ್ಲಿ ತಜ್ಞರು ನೋಡಿ ಇದು ಲಸಿಕೆಯಿಂದಲೋ, ಕೊಟ್ಟ ರೀತಿಯ ತಪ್ಪಿನಿಂದಲೋ, ಆಕಸ್ಮಿಕವಾಗಿ ಅದೇ ಹೊತ್ತಿಗೆ ಬಂದ ಬೇರೆ ಕಾಯಿಲೆಯೋ ಎಂದು ವಿಂಗಡಿಸುತ್ತಾರೆ. ಅವರ ಅಭಿಪ್ರಾಯ ಕೋರ್ಟಿನ ತೀರ್ಪಲ್ಲ. ಆದರೆ ಬಾಂಡ್ ಪೇಪರಿನ "ಲಸಿಕೆಯಿಂದ ಆದದ್ದು" ಎಂಬ ಮಾತಿಗಿಂತ ಸಾವಿರ ಪಾಲು ಮೇಲು.

ದವಾಖಾನೆಯಿಂದ ಮಗುವಿನ ದಾಖಲೆ ಕೇಳಿ ಪಡೆಯಿರಿ. ಬಾಯಲ್ಲಿ ಅಲ್ಲ, ಒಂದು ಅರ್ಜಿ ಬರೆದು. ರೋಗಿಯ ಕಡೆಯವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮ ಹೇಳುತ್ತದೆ. ತಾಯಿ ಕಾರ್ಡಿನಲ್ಲೋ ಅವರು ಕೊಟ್ಟ ಚೀಟಿಯಲ್ಲೋ ಲಸಿಕೆಯ ಹೆಸರು, ಬ್ಯಾಚ್ ನಂಬರು, ತಾರೀಕು ಇರುತ್ತದೆ. ದುಡ್ಡು ಕೊಟ್ಟ ರಸೀದಿ ಇದೆಯೆ? ಫೋನಿನಿಂದ ಕಳಿಸಿದ್ದರೆ ಬ್ಯಾಂಕಿನಲ್ಲಿ ಅದರ ಗುರುತು ಇದ್ದೇ ಇರುತ್ತದೆ. ಮಗು ನಡೆಯುವುದನ್ನು ಮೊಬೈಲಿನಲ್ಲಿ ತಿಂಗಳಿಗೊಮ್ಮೆ ಚಿತ್ರೀಕರಿಸಿಡಿ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಿಮ್ಮ ಟ್ರಂಕಿನಲ್ಲಿಡಿ, ಭಾವನವರ ಬೀರುವಿನಲ್ಲಿ ಬೇಡ. ಯಾರಾದರೂ ಕೇಳಿದರೆ ಜೆರಾಕ್ಸ್ ಕೊಡಿ.

ರಸೀದಿಯ ಮಾತು ಯಾಕೆ ಎತ್ತಿದೆನೆಂದರೆ, ಎಲ್ಲಿ ದೂರು ಕೊಡಬೇಕೆಂಬುದು ಅದರ ಮೇಲೇ ನಿಂತಿದೆ. ದುಡ್ಡು ಕೊಟ್ಟು ಖಾಸಗಿಯಲ್ಲಿ ಹಾಕಿಸಿದ್ದಾದರೆ ನೀವು ಗ್ರಾಹಕರು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಕಾನೂನಿನ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಇಲ್ಲದಿದ್ದರೂ ನಡೆಯುತ್ತದೆ. ಶುಲ್ಕದ ಲೆಕ್ಕ ನೀವು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ, ಲಸಿಕೆಯ ಖರ್ಚಿನ ಮಟ್ಟಿಗೆ ಶುಲ್ಕವೇ ಇಲ್ಲ. ಆದರೆ ಎರಡು ವರ್ಷದೊಳಗೆ ಹೋಗಬೇಕು. ಮಗುವಿನ ವಿಷಯದಲ್ಲಿ ಕಾಲಮಿತಿಗೆ ಕಾನೂನು ಕೆಲವು ಸಡಿಲಿಕೆ ಕೊಡುತ್ತದೆ, ಅದನ್ನು ನೆಚ್ಚಿ ಕೂರಬೇಡಿ. ಕಂತು ಕೊಡುತ್ತೇವೆ, ಈ ತಿಂಗಳು, ಮುಂದಿನ ತಿಂಗಳು ಎನ್ನುತ್ತ ಎರಡು ವರ್ಷ ದೂಡಿಸಿಬಿಟ್ಟರೆ ಆಮೇಲೆ ಆ ಬಾಗಿಲೂ ಕಷ್ಟ.

ಇದೇ ಲಸಿಕೆಯನ್ನು ಅಂಗನವಾಡಿಯಲ್ಲೋ ಸರ್ಕಾರಿ ಆರೋಗ್ಯ ಕೇಂದ್ರದಲ್ಲೋ ಪುಕ್ಕಟೆ ಹಾಕಿಸಿ ತೊಂದರೆಯಾಗಿದ್ದರೆ ದಾರಿ ಬೇರೆ. ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆ ಗ್ರಾಹಕರ ಕಾನೂನಿನೊಳಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಅಂಥವರು ಸಿವಿಲ್ ಕೋರ್ಟಿಗೋ ಹೈಕೋರ್ಟಿಗೋ ಹೋಗಬೇಕು. ನಮ್ಮ ಕಡೆಯವರಿಗೆ ಹೈಕೋರ್ಟೆಂದರೆ ಬೆಂಗಳೂರಿಗೇ ಓಡಬೇಕಿಲ್ಲ, 2008ರಿಂದ ಕಲಬುರಗಿಯಲ್ಲೇ ಪೀಠವಿದೆ. ಕೋವಿಡ್ ಲಸಿಕೆಯ ವಿಷಯ ಓದಿರುವ ಸೋದರಿಯರು ಕೇಳಬಹುದು. 2021ರಲ್ಲಿ ಲಸಿಕೆ ಪಡೆದ ಮೇಲೆ ತೀರಿಕೊಂಡ ಇಬ್ಬರು ಹೆಣ್ಣುಮಕ್ಕಳ ತಂದೆತಾಯಂದಿರು ಸುಪ್ರೀಂ ಕೋರ್ಟಿಗೆ ಹೋದಾಗ, ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಕೊಟ್ಟ ಉತ್ತರ, ಸರ್ಕಾರವನ್ನು ಹೊಣೆ ಮಾಡಲಾಗದು, ಪರಿಹಾರ ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಬಹುದು ಎಂದು. ಮಗಳನ್ನು ಕಳೆದುಕೊಂಡ ತಾಯಿಗೆ ಅದು ಎಂಥ ಉತ್ತರ ಎಂದು ನೀವೇ ಊಹಿಸಿಕೊಳ್ಳಿ.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ ಈ ಅಲೆದಾಟ ಇಷ್ಟಿಲ್ಲ. ಅಲ್ಲಿ 1986ರಲ್ಲಿ ಕಾನೂನು ಮಾಡಿ 1988ರಿಂದ ಒಂದು ನಿಧಿ ನಡೆಸುತ್ತಿದ್ದಾರೆ. ಮಕ್ಕಳ ಲಸಿಕೆಯ ಪ್ರತಿ ಡೋಸಿನಲ್ಲೂ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟಿನಂತೆ ತೆರಿಗೆ ಎತ್ತಿ ಅದರಿಂದ ಪರಿಹಾರ ಕೊಡುತ್ತಾರೆ. ಯಾರ ತಪ್ಪು ಎಂದು ತೋರಿಸಬೇಕಿಲ್ಲ. ಅಲ್ಲಿ ಪರಿಹಾರ ಸಿಕ್ಕ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇತ್ಯರ್ಥವಾಗುವುದು ರಾಜಿಯಲ್ಲೇ. ಹಾಗೆ ರಾಜಿಯಾದಾಗ ಲಸಿಕೆಯಿಂದಲೇ ಕೆಡುಕಾಯಿತು ಎಂದು ಸರ್ಕಾರ ಒಪ್ಪಿಕೊಂಡಂತೆ ಅಲ್ಲ, ಅರ್ಜಿದಾರರೂ ಅದನ್ನು ಅಲ್ಲಗಳೆದಂತೆ ಅಲ್ಲ. ನಿಮ್ಮ ಬಾಂಡ್ ಪೇಪರಿಗೂ ಇದಕ್ಕೂ ಇರುವ ಅಂತರ ಕಂಡಿತೆ? ಒಳ್ಳೆಯ ರಾಜಿಪತ್ರದಲ್ಲಿ ಯಾರು ತಪ್ಪಿತಸ್ಥರೆಂಬ ಮಾತನ್ನು ಬಿಟ್ಟುಬಿಡಬಹುದು. ನಿಮ್ಮ ಬಾಯಿಂದಲೇ "ತಪ್ಪಿಲ್ಲ" ಎಂದು ಬರೆಸಿಕೊಳ್ಳಬೇಕಾದ ಅಗತ್ಯ ಏನಿಲ್ಲ.

ಸರಿ, ನಮ್ಮೂರಿನಲ್ಲಿ ರಾಜಿ ಹೇಗೆ ಮಾಡಿಕೊಳ್ಳಬೇಕು?

ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಭಾಲ್ಕಿ, ಔರಾದದಂಥ ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿ. 1987ರ ಕಾನೂನಿನ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಆದಾಯ ಎಷ್ಟು ಎಂದು ಹೆಂಗಸರನ್ನು ಕೇಳುವಂತಿಲ್ಲ, ಗಂಡನ ಸಂಬಳ ಎಷ್ಟೇ ಇರಲಿ. ಈ ಒಂದು ಮಾತನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ, ಎಲ್ಲ ಸೋದರಿಯರಿಗೂ ಹೇಳುತ್ತಿದ್ದೇನೆ. ಹೋಗಲಾಗದಿದ್ದರೆ 15100ಕ್ಕೆ ಫೋನು ಮಾಡಿ ಕೇಳಬಹುದು.

ಕೇಸು ಹಾಕುವುದಕ್ಕೆ ಮುಂಚೆಯೇ, ಈ ಪ್ರಾಧಿಕಾರದ ಮೂಲಕ ದವಾಖಾನೆಯವರನ್ನು ಲೋಕ ಅದಾಲತ್ತಿಗೆ ಕರೆಸಬಹುದು. ಅಲ್ಲಿ ಇಬ್ಬರೂ ಒಪ್ಪಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಬರುತ್ತದೆ, ಮೇಲ್ಮನವಿ ಇಲ್ಲ. ಅಂದರೆ ಎರಡನೆಯ ಕಂತು ಕೊಡದೆ ಹೋದರೆ ಕೋರ್ಟಿನಿಂದಲೇ ವಸೂಲಿ ಮಾಡಿಸಬಹುದು. ನಿಮ್ಮ ಬಾಂಡ್ ಪೇಪರಿಗೆ ಆ ಶಕ್ತಿ ಇಲ್ಲ. ಇಪ್ಪತ್ತು ಸಾವಿರ ಕೊಟ್ಟು ಉಳಿದ ನಲವತ್ತಕ್ಕೆ ಕೈಯೆತ್ತಿದರೆ, ಆ ಕಾಗದ ಹಿಡಿದುಕೊಂಡು ಮತ್ತೆ ಮೊದಲಿನಿಂದ ದಾವೆ ಹೂಡಬೇಕು. ಮೇಲ್ಮನವಿ ಇಲ್ಲ ಎಂಬುದು ಎರಡಲಗಿನ ಕತ್ತಿ ಎಂಬುದೂ ನೆನಪಿರಲಿ. ಅಲ್ಲಿ ಒಪ್ಪಿದ ಮೇಲೆ ಮನೆಗೆ ಬಂದು "ಕಡಿಮೆ ಆಯ್ತು" ಅಂದರೆ ಕೇಳುವವರಿಲ್ಲ. ಅದಕ್ಕೇ ನರದ ಪರೀಕ್ಷೆಯ ವರದಿ ಕೈಗೆ ಬರುವ ಮುಂಚೆ ಮೊತ್ತದ ಮಾತಿಗೆ ಕೂರಬೇಡಿ. 

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಪೆಟ್ಟಾದದ್ದು ಮಗುವಿಗೆ, ಪರಿಹಾರ ಮಗುವಿನದು. ಕೋರ್ಟಿನಲ್ಲಿ ದಾವೆ ಇರುವಾಗ ಅಪ್ರಾಪ್ತ ಮಗುವಿನ ಪರವಾಗಿ ಯಾರೇ ರಾಜಿ ಮಾಡಿಕೊಳ್ಳಬೇಕಾದರೂ, ಹೆತ್ತ ತಾಯಿಯೇ ಆಗಿರಲಿ, ನ್ಯಾಯಾಧೀಶರ ಅನುಮತಿ ಬೇಕು. ಇದು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮ. ಈ ರಾಜಿಯಿಂದ ಮಗುವಿಗೆ ಒಳ್ಳೆಯದಿದೆಯೆ ಎಂದು ಅವರು ನೋಡುತ್ತಾರೆ. ಅನುಮತಿ ಇಲ್ಲದೆ ಮಾಡಿದ ರಾಜಿಯನ್ನು ಮಗುವಿನ ಕಡೆಯಿಂದ ರದ್ದು ಮಾಡಿಸಬಹುದು, ಎದುರಿನವರು ಮಾಡಿಸುವಂತಿಲ್ಲ. ಹಣವನ್ನು ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಿಸಿ, ಚಿಕಿತ್ಸೆಗೆ ಬೇಕಾದಷ್ಟು ಬಡ್ಡಿಯೋ ಒಂದು ಭಾಗವೋ ತಾಯಿಯ ಕೈಗೆ ಬರುವಂತೆ ಮಾಡುತ್ತಾರೆ. ಅರವತ್ತು ಸಾವಿರ ನೋಟು ಮನೆಗೆ ಬಂದರೆ ಅದು ಯಾವ ಸಾಲಕ್ಕೆ, ಯಾವ ಬೋರ್‌ವೆಲ್ಲಿಗೆ, ಯಾರ ಮದುವೆಗೆ ಹೋಗುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ತಂದೆತಾಯಿ ಇಬ್ಬರೂ ಇರುವಾಗ ಮಗುವಿನ ಪರವಾಗಿ ದೊಡ್ಡಪ್ಪ ಸಹಿ ಮಾಡುವ ಪ್ರಶ್ನೆಯೇ ಇಲ್ಲ. ಬಹುಶಃ ಅದಕ್ಕೇ ನಿಮ್ಮನ್ನು ಐತವಾರ ಕೂರಿಸುತ್ತಿರುವುದು.

ಎಷ್ಟು ಕೇಳಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಂಖ್ಯೆ ನಾನು ಹೇಳಲಾರೆ. ಲೆಕ್ಕ ಹಾಕುವ ಬಗೆ ಹೇಳಬಹುದು. ಕಾಲಿನ ಪಟ್ಟಿ ಮಗು ಬೆಳೆದಂತೆಲ್ಲ ಬದಲಾಯಿಸಬೇಕು, ಚಪ್ಪಲಿಯ ಅಳತೆಯ ಹಾಗೆ. ವ್ಯಾಯಾಮ ಮಾಡಿಸಲು ವಾರಕ್ಕೆ ಎಷ್ಟು ಸಲ ಹೋಗಬೇಕು, ಬಸ್ಸು-ಆಟೋ ಖರ್ಚು ಎಷ್ಟು, ನಿಮ್ಮ ಹೊಲಿಗೆ ಕೆಲಸವೋ ಕೂಲಿಯೋ ಎಷ್ಟು ದಿನ ತಪ್ಪುತ್ತದೆ? ಮುಂದೆ ಶಸ್ತ್ರಚಿಕಿತ್ಸೆ ಬೇಕಾದೀತೆ? ಕಾಲು ಪೂರ್ತಿ ಸರಿಹೋಗದಿದ್ದರೆ ಜಿಲ್ಲಾ ಆಸ್ಪತ್ರೆಯಿಂದ ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿ, ಎಷ್ಟು ಶೇಕಡಾ ಎಂದು ಅದರಲ್ಲಿ ಬರುತ್ತದೆ. ಹಳೆಯ ತೀರ್ಪೊಂದನ್ನು ವಕೀಲರಿಗೆ ನೆನಪಿಸಿ. 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣ. ಆಸ್ಪತ್ರೆಯಲ್ಲಿ ದಾದಿ ತಪ್ಪು ಇಂಜೆಕ್ಷನ್ ಕೊಟ್ಟು ಮಗುವಿನ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಗಿತ್ತು. ಸುಪ್ರೀಂ ಕೋರ್ಟು ಮಗುವಿಗೆ ಕೊಟ್ಟ 12.5 ಲಕ್ಷವನ್ನೂ, ತಂದೆತಾಯಿ ಪಟ್ಟ ಸಂಕಟಕ್ಕೆ ಬೇರೆಯಾಗಿ ಕೊಟ್ಟ 5 ಲಕ್ಷವನ್ನೂ ಎತ್ತಿಹಿಡಿಯಿತು. ಸಿಬ್ಬಂದಿ ಮಾಡಿದ ತಪ್ಪಿಗೆ ಆಸ್ಪತ್ರೆಯೇ ಹೊಣೆ ಎಂದಿತು. ನಿಮ್ಮ ಮಗುವಿನ ಪೆಟ್ಟು ಆ ಪ್ರಮಾಣದ್ದಲ್ಲ, ಅಷ್ಟು ಮೊತ್ತದ ಆಸೆ ಹಚ್ಚುತ್ತಿಲ್ಲ. ಆದರೆ ಇಂಜೆಕ್ಷನ್ ಕೊಟ್ಟವನು ಕಂಪೌಂಡರ, ಡಾಕ್ಟರಲ್ಲ ಎಂಬ ಮಾತು ದವಾಖಾನೆಯವರಿಗೆ ಗುರಾಣಿ ಆಗುವುದಿಲ್ಲ.

ಡಾಕ್ಟರ ಪರವಾಗಿಯೂ ಒಂದು ಮಾತು ಆಡಬೇಕು. ಅವರು ಓಡಿಹೋಗಿಲ್ಲ, ಮಾತಿಗೆ ಬಂದಿದ್ದಾರೆ. ಸಣ್ಣ ಊರಿನ ಡಾಕ್ಟರು ದಿನಕ್ಕೆ ಎಷ್ಟು ಮಕ್ಕಳನ್ನು ನೋಡುತ್ತಾರೆ, ಅವರಿಗೂ ಹೆಸರಿನ ಹೆದರಿಕೆ ಇದೆ. ಪರೀಕ್ಷೆಯಲ್ಲಿ ಇದು ಬೇರೆಯೇ ಕಾಯಿಲೆ ಎಂದು ಬಂದರೂ ಬರಬಹುದು. ಆಗ ಅವರ ಮೇಲೆ ಕೆಟ್ಟ ಹೆಸರು ಹೊರಿಸಿದ ಪಾಪ ನಮಗೆ ಬೇಡ. ಗಲಾಟೆ, ಪೇಪರಿನವರು, ದವಾಖಾನೆಯ ಗಾಜು, ಇವು ಯಾವುದೂ ಮಗುವಿನ ಪಾದ ಎತ್ತಿಸುವುದಿಲ್ಲ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಹೆದರಿಕೆಯನ್ನು ನಾನು ನಗೆಯಾಡುವುದಿಲ್ಲ, ಕಣ್ಣೆದುರು ಮೊಮ್ಮಗಳು ಕಾಲೆಳೆಯುತ್ತಿದ್ದಾಳೆ. ಆದರೆ ಇದೇ ಡಿಪಿಟಿ ಲಸಿಕೆಯ ಬಗ್ಗೆ 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಏನಾಯಿತು ಕೇಳಿ. ಅದರಲ್ಲಿನ ನಾಯಿಕೆಮ್ಮಿನ ಭಾಗದಿಂದ ಮಕ್ಕಳ ಮೆದುಳಿಗೆ ಪೆಟ್ಟಾಗುತ್ತದೆಂದು ಸುದ್ದಿ ಹಬ್ಬಿ, ಮುಕ್ಕಾಲು ಪಾಲು ಮಕ್ಕಳು ಹಾಕಿಸಿಕೊಳ್ಳುತ್ತಿದ್ದದ್ದು ಮೂರನೇ ಒಂದು ಪಾಲಿಗೆ ಇಳಿಯಿತು. ಹಿಂದೆಯೇ ನಾಯಿಕೆಮ್ಮಿನ ದೊಡ್ಡ ಹಾವಳಿ ಎರಡು ಸಲ ಬಂತು, ಕೂಸುಗಳು ಉಸಿರುಕಟ್ಟಿ ಸತ್ತವು. ತೊಂದರೆಯಾದವರಿಗೆಂದು ಅಲ್ಲಿಯ ಸರ್ಕಾರ 1979ರಲ್ಲಿ ಪರಿಹಾರದ ಕಾನೂನನ್ನೂ ಮಾಡಿತು, ಲಸಿಕೆಯನ್ನೂ ಮುಂದುವರಿಸಿತು. ಆಮೇಲಿನ ಸಂಶೋಧನೆಗಳು ಆ ಸುದ್ದಿಯನ್ನು ಎತ್ತಿಹಿಡಿಯಲಿಲ್ಲ. ಪರಿಹಾರ ಕೇಳುವುದೂ ಲಸಿಕೆ ಹಾಕಿಸುವುದೂ ಒಂದೇ ಮನೆಯಲ್ಲಿ ನಡೆಯಬಹುದು, ತಂಗೀ.

ಐತವಾರ ಭಾವನವರು ಪೆನ್ನು ಕೊಟ್ಟಾಗ ಏನು ಹೇಳುವುದು ಎಂದು ನಿಮಗೆ ಗಾಬರಿ ಇರುತ್ತದೆ. ಜಗಳವಾಡಬೇಡಿ. ಅವರು ನಿಮಗಾಗಿ ಓಡಾಡಿದ್ದಾರೆ, ಅದನ್ನು ಮೊದಲು ಹೇಳಿ. ಆಮೇಲೆ, "ಭಾವ, ನೀವು ಮಾಡಿದ್ದು ದೊಡ್ಡದು. ಇದೇ ಮಾತು ಕೋರ್ಟಿನಾಗ ಲೋಕ ಅದಾಲತ್ತಿನಾಗ ಆಗ್ಲಿ, ಡಾಕ್ಟರಿಗೂ ಮುಂದ ತಲಿನೋವು ಇರಂಗಿಲ್ಲ, ನೀವೇ ಜೊತೀಗಿ ಬರ್ರಿ" ಎನ್ನಿ. ಡಾಕ್ಟರಿಗೂ ಇದು ಲಾಭವೇ, ಅಲ್ಲಿ ಆದ ರಾಜಿ ನಾಳೆ ಯಾರೂ ಕೆದಕಲಾಗದ ರಾಜಿ. ಈ ಮಾತನ್ನು ಮುಂಚಿತವಾಗಿ ನಿಮ್ಮ ಯಜಮಾನರಿಗೆ ಫೋನಿನಲ್ಲಿ ಹೇಳಿ, ಈ ಪುಟದ ಫೋಟೋ ತೆಗೆದು ಕಳಿಸಿದರೂ ಸರಿ. ಇಪ್ಪತ್ತು ಸಾವಿರವನ್ನು ಚಿಕಿತ್ಸೆಗೆಂದು ಈಗಲೇ ಕೊಡುವೆವೆಂದು ಅವರು ಅಂದರೆ, ಬ್ಯಾಂಕಿಗೆ ಹಾಕಿಸಿಕೊಂಡು "ಚಿಕಿತ್ಸೆಯ ಖರ್ಚಿಗೆ ಪಡೆದದ್ದು" ಎಂದಷ್ಟೇ ಬರೆದು ಕೊಡಿ. ಅದಕ್ಕಿಂತ ಒಂದು ಸಾಲು ಹೆಚ್ಚಿಗೆ ಬೇಡ. ಖಾಲಿ ಹಾಳೆಗೆ, ಖಾಲಿ ಬಾಂಡಿಗೆ ಸಹಿ ಖಂಡಿತ ಬೇಡ.

ಸಣ್ಣ ಕೂಸಿಗೆ ಎರಡು ತಿಂಗಳು ಅಂದಿದ್ದೀರಿ. ಆರನೇ ವಾರದ್ದು ಆಗಿದೆಯೋ ತಪ್ಪಿದೆಯೋ ಬರೆದಿಲ್ಲ. ತಪ್ಪಿದ್ದರೆ ಮತ್ತೆ ಮೊದಲಿನಿಂದ ಎಂದು ಹೆದರಬೇಕಿಲ್ಲ, ಈಗ ಶುರು ಮಾಡಬಹುದು. ಆಗಿದ್ದರೆ ಹತ್ತನೇ ವಾರದ್ದು ಹತ್ತಿರ ಬಂತು. ಅಂಗನವಾಡಿಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಕೂಸನ್ನು ಅವರ ಮಡಿಲಲ್ಲೇ ಕೂರಿಸಿ. ಸಿಸ್ಟರಿಗೆ "ತೊಡೆಗೇ ಹಾಕ್ರಿ" ಎಂದು ಅವರೇ ಹೇಳಲಿ. ನರದ ಪರೀಕ್ಷೆಯಲ್ಲಿ ಏನು ಬಂತೆಂದು ನನಗೆ ಒಂದು ಕಾಗದ ಹಾಕಿ, ಕಾಯುತ್ತಿರುತ್ತೇನೆ.